ತಪ್ಪಾಟ, ಕಳ್ಳಾಟ

ಬೇಸಗೆಯ ರಜೆಯಲ್ಲಿ ಮಕ್ಕಳು ನಡುಮನೆಯಲ್ಲಿ ಚೌಕಾಬಾರ ಹರಡಿಕೊಂಡು ಕುಳಿತಿರುವಾಗ ನೀವು ಪಕ್ಕದಲ್ಲೇ ರೇಡಿಯೊ ಕೇಳುತ್ತಲೋ ಪತ್ರಿಕೆ ಓದುತ್ತಲೋ ಇದ್ದರೆ, ಒಮ್ಮೆ ಅವರ ಜಗಳಕ್ಕೆ ಕಿವಿಗೊಡಿ. ಆ ಜಗಳದಲ್ಲಿ ಎರಡು ಬಗೆಯುಂಟು. ಕವಡೆಯೊಂದು ಉರುಳಿ ಮಂಚದ ಕೆಳಗೆ ಹೋಯಿತು. ಇಲ್ಲವೆ ಸರದಿ ತಪ್ಪಿ ಒಬ್ಬ ಗರ ಹಾಕಿಬಿಟ್ಟ. 'ತಪ್ಪಾಟ, ಮತ್ತೆ ಹಾಕು' ಎಂದು ಎಲ್ಲರೂ ಒಂದೇ ಬಾಯಲ್ಲಿ ತೀರ್ಪು ಕೊಡುತ್ತಾರೆ, ಆಟ ಮುಂದುವರಿಯುತ್ತದೆ. ಆದರೆ ಮೂರು ಬಿದ್ದದ್ದಕ್ಕೆ ನಾಲ್ಕು ಮನೆ ಕಾಯಿ ನಡೆಸಿ, ಏನೂ ಅರಿಯದವನಂತೆ ಸೂರು ನೋಡುತ್ತ ಕುಳಿತ ಹುಡುಗ ಸಿಕ್ಕಿಬಿದ್ದನೆನ್ನಿ. ಆಗ ಏಳುವ ಕೂಗೇ ಬೇರೆ: 'ಕಳ್ಳಾಟ!' ಆಗ ಯಾರೂ 'ಮತ್ತೆ ಹಾಕು' ಎನ್ನುವುದಿಲ್ಲ. ಕಾಯಿಗಳನ್ನು ಕಲಸಿ ಎದ್ದುಬಿಡುತ್ತಾರೆ. ಆ ಹುಡುಗನನ್ನು ಮತ್ತೆ ಸೇರಿಸಿಕೊಳ್ಳಬೇಕಾದರೆ ಎರಡು ದಿನವಾದರೂ ಆಗಬೇಕು.

ಎರಡು ಸಂದರ್ಭದಲ್ಲಿಯೂ ಮುರಿದದ್ದು ಆಟದ ನಿಯಮವೇ. ಲೆಕ್ಕಕ್ಕೆ ಬಂದರೆ ಒಂದು ಮನೆ ಹೆಚ್ಚು ನಡೆಸಿದ್ದು ಅಂಥ ದೊಡ್ಡ ಅಪರಾಧವೂ ಅಲ್ಲ. ಹಾಗಿದ್ದೂ ಒಂದಕ್ಕೆ ನಗೆ, ಮತ್ತೊಂದಕ್ಕೆ ಮುನಿಸು. ಮಕ್ಕಳಿಗೆ ಇಷ್ಟು ಸಲೀಸಾಗಿ ತಿಳಿಯುವ ಈ ಭೇದವನ್ನು ದೊಡ್ಡವರಾದ ನಾವು ಎಷ್ಟು ಸಲ ಕಲಸಿ ರಾಡಿ ಮಾಡಿಕೊಳ್ಳುತ್ತೇವೆಂಬುದು ಈ ಲೇಖನದ ವಿಚಾರ. ಅದಕ್ಕಾಗಿ ಸ್ವಲ್ಪ ಹಿಂದಕ್ಕೆ, ಬಹಳ ಹಿಂದಕ್ಕೇ, ಹೋಗಬೇಕಾಗಿದೆ.

ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ರುದ್ರಪಟ್ಟಣದ ಶಾಮಶಾಸ್ತ್ರಿಗಳ ಕೈಗೆ ಒಂದು ತಾಳೆಗರಿಯ ಕಟ್ಟು ಬಂದದ್ದು 1905ರಲ್ಲಿ. ಹೆಸರು ಮಾತ್ರ ಕೇಳಿಬರುತ್ತಿದ್ದ, ಕಳೆದೇ ಹೋಯಿತೆಂದು ಎಲ್ಲರೂ ಕೈಬಿಟ್ಟಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಅದು. ಶಾಸ್ತ್ರಿಗಳು 1909ರಲ್ಲಿ ಮೂಲವನ್ನು ಅಚ್ಚುಹಾಕಿಸಿದರು. 1915ರಲ್ಲಿ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಹೊರಬಂದಿತು. ರಾಜನೀತಿ, ಬೇಹುಗಾರಿಕೆ, ಕೋಟೆ ಕೊತ್ತಲ, ಇವಕ್ಕಾಗಿ ಆ ಗ್ರಂಥವನ್ನು ಹೊಗಳುವವರೂ ಹಳಿಯುವವರೂ ಬೇಕಾದಷ್ಟು ಮಂದಿ ಇದ್ದಾರೆ. ನನ್ನ ಕಣ್ಣನ್ನು ಹಿಡಿದು ನಿಲ್ಲಿಸಿದ್ದು ಮೂರನೆಯ ಅಧಿಕರಣದ ಕೊನೆಯಲ್ಲಿ ಬರುವ ಜೂಜಿನ ಪ್ರಕರಣ.

ಜೂಜನ್ನು ಕೌಟಿಲ್ಯ ನಿಷೇಧಿಸುವುದಿಲ್ಲ. ನಿಷೇಧಿಸಿದರೆ ನಿಲ್ಲುವುದಿಲ್ಲವೆಂಬುದು ಅವನಿಗೆ ಗೊತ್ತು. ದ್ಯೂತಾಧ್ಯಕ್ಷನೆಂಬ ಒಬ್ಬ ಅಧಿಕಾರಿಯನ್ನು ನೇಮಿಸಿ, ಆಟವನ್ನೆಲ್ಲ ಒಂದೇ ಕಡೆ ನಡೆಸೆನ್ನುತ್ತಾನೆ. ಬೇರೆಡೆ ಆಡಿದವನಿಗೆ 12 ಪಣ ದಂಡ. ದಾಳಗಳನ್ನು ಅಧ್ಯಕ್ಷನೇ ಬಾಡಿಗೆಗೆ ಒದಗಿಸಬೇಕು. ಗೆದ್ದ ಹಣದಲ್ಲಿ ನೂರಕ್ಕೆ ಐದು ಸರ್ಕಾರದ ಪಾಲು. ಇನ್ನು ಮುಂದಿನ ಮಾತು ಗಮನಿಸಿ. ಅಧ್ಯಕ್ಷ ಕೊಟ್ಟ ದಾಳವನ್ನು ಬಿಟ್ಟು ಬೇರೆಯದನ್ನು ಇಟ್ಟು ಆಡಿದರೆ ದಂಡ 12 ಪಣ, ಅಷ್ಟೆ. ಆದರೆ ಆಟದಲ್ಲಿ 'ಕೂಟಕರ್ಮ' ನಡೆಸಿದರೆ, ಎಂದರೆ ಕಪಟ ಮಾಡಿದರೆ, ಪೂರ್ವಸಾಹಸದಂಡ. ಅದು 48ರಿಂದ 96 ಪಣದವರೆಗೆ. ಜೊತೆಗೆ ಗೆದ್ದದ್ದನ್ನೆಲ್ಲ ಕಿತ್ತುಕೊಳ್ಳಬೇಕು. ಅದರ ಮೇಲೆ ಕಳ್ಳತನದ ಶಿಕ್ಷೆ ಬೇರೆ.

ಕಳ್ಳತನದ ಶಿಕ್ಷೆ! ನಮ್ಮ ಮಕ್ಕಳ 'ಕಳ್ಳಾಟ'ವೆಂಬ ಮಾತು ಎಷ್ಟು ಹಳೆಯ ನ್ಯಾಯವನ್ನು ನಾಲಗೆಯ ಮೇಲೆ ಇಟ್ಟುಕೊಂಡಿದೆ ನೋಡಿ. ನಿಯಮ ಮುರಿದವನಿಗೆ ಒಂದು ಬೆಲೆ ಗೊತ್ತುಮಾಡಿದೆ. ಆ ಬೆಲೆ ತೆತ್ತು ಅವನು ಮತ್ತೆ ಆಟಕ್ಕೆ ಕೂರಬಹುದು. ಕಪಟಿಯಾದರೋ ನಿಯಮವನ್ನು ಮುರಿಯಲಿಲ್ಲವೆಂದು ತೋರಿಸಿಕೊಳ್ಳುತ್ತಾನೆ. ಉಳಿದವರು ನಿಯಮ ಪಾಲಿಸುತ್ತಿದ್ದಾರೆಂಬ ಭರವಸೆಯೇ ಅವನ ಬಂಡವಾಳ. ಎಲ್ಲರೂ ಕಪಟಿಗಳಾದರೆ ಕಪಟದಿಂದ ಕಾಸೂ ಗಿಟ್ಟದು. ಆದ್ದರಿಂದ ಅವನು ಕದಿಯುವುದು ಪಣಕ್ಕಿಟ್ಟ ದುಡ್ಡನ್ನಷ್ಟೇ ಅಲ್ಲ, ಎದುರಿಗೆ ಕುಳಿತವನ ನಂಬಿಕೆಯನ್ನು ಕೂಡ.

ಕುರುಕ್ಷೇತ್ರದ ಕಡೆಯ ದಿನ ಭೀಮ ಗದಾಯುದ್ಧದ ಕಟ್ಟಳೆ ಮೀರಿ ತೊಡೆಗೆ ಹೊಡೆದ. ಬಲರಾಮ ನೇಗಿಲೆತ್ತಿಕೊಂಡು ಮೇಲೆ ಬಿದ್ದ. ತಪ್ಪು ತಪ್ಪೇ. ಆದರೂ ಭೀಮನ ಹೆಸರನ್ನು ಶಕುನಿಯ ಹೆಸರಿನ ಪಕ್ಕದಲ್ಲಿ ಕೂರಿಸಲು ನಮ್ಮಲ್ಲಿ ಯಾರ ಮನಸ್ಸೂ ಒಪ್ಪುವುದಿಲ್ಲ. ಒಬ್ಬನದು ಎಲ್ಲರ ಕಣ್ಣೆದುರಿಗೆ ಬಿದ್ದ ಪೆಟ್ಟು, ಮತ್ತೊಬ್ಬನದು ಕಪಟದ್ಯೂತ. ಇದನ್ನು ಪುರಾಣದ ಮಾತೆಂದು ಇಲ್ಲಿಗೇ ಬಿಟ್ಟು ಚರಿತ್ರೆಗೆ ಬರೋಣ.

ಗ್ರೀಸಿನ ಒಲಿಂಪಿಯಾದಲ್ಲಿ ಓಟದ ಬಯಲಿಗೆ ಹೋಗುವ ದಾರಿಯ ಬದಿಯಲ್ಲಿ ಸ್ಯೂಸ್ ದೇವರ ಕಂಚಿನ ವಿಗ್ರಹಗಳ ಒಂದು ಸಾಲು ನಿಂತಿತ್ತು. ಕ್ರಿಸ್ತಶಕ ಎರಡನೆಯ ಶತಮಾನದ ಯಾತ್ರಿಕ ಪೌಸೇನಿಯಸ್ ಅವನ್ನು ನೋಡಿ ಬರೆದಿಟ್ಟಿದ್ದಾನೆ. ಅವು ಗೆದ್ದವರ ನೆನಪಿಗೆ ನಿಲ್ಲಿಸಿದವಲ್ಲ. ಮೋಸ ಮಾಡಿ ಸಿಕ್ಕಿಬಿದ್ದವರಿಂದ ವಸೂಲು ಮಾಡಿದ ದಂಡದ ಹಣದಿಂದ ಎರಕ ಹೊಯ್ಯಿಸಿದವು. ಕ್ರಿಸ್ತಪೂರ್ವ 388ರಲ್ಲಿ ಥೆಸ್ಸಲಿಯ ಯೂಪೊಲಸ್ ಎಂಬ ಮುಷ್ಟಿಮಲ್ಲ ತನ್ನ ಮೂವರು ಎದುರಾಳಿಗಳಿಗೆ ಲಂಚ ಕೊಟ್ಟು ಗೆದ್ದ. ಕೊಟ್ಟವನಿಗೂ ತೆಗೆದುಕೊಂಡವರಿಗೂ ದಂಡ ಬಿತ್ತು. ಆ ಹಣದಲ್ಲಿ ಆರು ವಿಗ್ರಹಗಳಾದವು. ಇಲ್ಲಿ ಗೆಲುವು ಕಾಲಿನ ವೇಗದಿಂದ, ಮೈಯ ಕಸುವಿನಿಂದ ಬರತಕ್ಕದ್ದು, ಹಣದಿಂದಲ್ಲ ಎಂಬ ಅರ್ಥದ ಬರಹ ಅವುಗಳಲ್ಲೊಂದರ ಮೇಲಿತ್ತಂತೆ. ಬಯಲಿಗಿಳಿಯುವ ಪ್ರತಿಯೊಬ್ಬ ಆಟಗಾರನೂ ಆ ಸಾಲನ್ನು ದಾಟಿಯೇ ಹೋಗಬೇಕು.

ಮುಂದೆ 332ರಲ್ಲಿ ಅಥೆನ್ಸಿನ ಕ್ಯಾಲಿಪಸ್ ಎಂಬಾತ ಇದೇ ತಪ್ಪು ಮಾಡಿದ. ಅಥೆನ್ಸ್ ನಗರ ತನ್ನ ಹೆಸರಾಂತ ವಾಗ್ಮಿ ಹೈಪರೈಡಿಸನನ್ನು ಕಳುಹಿಸಿ, ದಂಡ ಮನ್ನಾ ಮಾಡಿರೆಂದು ವಾದ ಹೂಡಿಸಿತು. ಆಟ ನಡೆಸುವವರು ಒಪ್ಪಲಿಲ್ಲ. ನಗರವೂ ಬಗ್ಗಲಿಲ್ಲ, ಆಟಕ್ಕೆ ಹೋಗುವುದನ್ನೇ ಬಿಟ್ಟಿತು. ಕಡೆಗೆ ಡೆಲ್ಫಿಯ ದೇವಾಲಯದಲ್ಲಿ, ದಂಡ ಕಟ್ಟುವವರೆಗೆ ನಿಮಗೆ ದೇವವಾಣಿ ಇಲ್ಲವೆಂದ ಮೇಲೆ ಅಥೆನ್ಸಿಗರು ಹಣ ತಂದು ಸುರಿದರು. ಮತ್ತೆ ಆರು ವಿಗ್ರಹ ಎದ್ದವು. ಊರ ಹುಡುಗ ಮಾಡಿದ ಮೋಸಕ್ಕೆ ಊರಿನ ದೊಡ್ಡವರು ವಕಾಲತ್ತು ವಹಿಸುವುದು ಹೊಸ ರೋಗವಲ್ಲವೆಂಬುದಕ್ಕೆ ಈ ಕಥೆ ಸಾಕು. ಇಂದು ಅಲ್ಲಿ ಉಳಿದಿರುವುದು ಕಲ್ಲಿನ ಪೀಠಗಳು ಮಾತ್ರ.

ಈಗ ಆಧುನಿಕ ಒಲಿಂಪಿಕ್ಸಿನ ಎರಡು ಮ್ಯಾರಥಾನ್ ಓಟಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ನಡುವೆ ಇರುವುದು ನಾಲ್ಕೇ ವರ್ಷ.

1904ರ ಆಗಸ್ಟ್ 30, ಅಮೆರಿಕದ ಸೇಂಟ್ ಲೂಯಿ ನಗರ. ಉರಿಬಿಸಿಲು, ರಸ್ತೆಯ ತುಂಬ ಧೂಳು. ಓಟಕ್ಕೆ ನಿಂತವರು 32 ಮಂದಿ, ಮುಗಿಸಿದವರು 14. ಫ್ರೆಡ್ ಲಾರ್ಜ್ ಎಂಬಾತ ಒಂಬತ್ತು ಮೈಲಿ ಓಡಿ, ಸ್ನಾಯು ಹಿಡಿದುಕೊಂಡು ನಿಂತ. ಒಂದು ಮೋಟಾರು ಕಾರು ಹತ್ತಿಕೊಂಡ. ಸುಮಾರು ಹನ್ನೊಂದು ಮೈಲಿ ಹೋದ ಮೇಲೆ ಕಾರು ಕೆಟ್ಟಿತು. ಇಷ್ಟರವರೆಗೆ ಅವನದು ಬರಿಯ ಸೋಲು, ತಪ್ಪೇನೂ ಇಲ್ಲ. ಸುಸ್ತಾದವನು ಗಾಡಿ ಹತ್ತುವುದು ಸಹಜ. ಆದರೆ ಆತ ಇಳಿದು ಮತ್ತೆ ಓಡತೊಡಗಿದ, ಕ್ರೀಡಾಂಗಣಕ್ಕೆ ಎಲ್ಲರಿಗಿಂತ ಮೊದಲು ಬಂದ, ಜನ ಜಯಕಾರ ಮಾಡಿದಾಗ ಬಾಯಿಬಿಡದೆ ನಿಂತ. ನಿಜ ಹೊರಬಿದ್ದಾಗ ತಮಾಷೆಗೆ ಮಾಡಿದೆನೆಂದು ಹೇಳಿದ. ಸಂಸ್ಥೆಯವರು ಅವನಿಗೆ ಆಜೀವ ಬಹಿಷ್ಕಾರ ಹಾಕಿದರು. ಸ್ವಲ್ಪ ಕಾಲದ ಮೇಲೆ ಕ್ಷಮಿಸಿ ಬಿಟ್ಟರು. ಮರುವರ್ಷ 1905ರಲ್ಲಿ ಬಾಸ್ಟನ್ ಮ್ಯಾರಥಾನಿನಲ್ಲಿ ಆತ ತನ್ನ ಕಾಲಿನಿಂದಲೇ ಓಡಿ ಗೆದ್ದನೆಂಬುದನ್ನೂ ಹೇಳಿಬಿಡಬೇಕು.

ಅದೇ ದಿನ ಚಿನ್ನದ ಪದಕ ಪಡೆದ ಥಾಮಸ್ ಹಿಕ್ಸನಿಗೆ ಅವನ ಕಡೆಯವರು ದಾರಿಯುದ್ದಕ್ಕೂ ಮೊಟ್ಟೆಯ ಬಿಳಿಯಲ್ಲಿ ಕಲಸಿದ ಸ್ಟ್ರಿಕ್ನಿನ್ ಎಂಬ ವಿಷವನ್ನೂ ಬ್ರಾಂದಿಯನ್ನೂ ಕುಡಿಸಿದ್ದರು. ಮನುಷ್ಯ ಬದುಕಿದ್ದೇ ಹೆಚ್ಚು. ಇಂದು ಹಾಗೆ ಮಾಡಿದರೆ ಪದಕ ಹೋಗುತ್ತದೆ. ಅಂದು ಅದನ್ನು ತಡೆಯುವ ನಿಯಮವೇ ಇರಲಿಲ್ಲ. ಅಂತರರಾಷ್ಟ್ರೀಯ ಅಥ್ಲೆಟಿಕ್ ಸಂಸ್ಥೆ ಉತ್ತೇಜಕ ಮದ್ದನ್ನು ನಿಷೇಧಿಸಿದ್ದು 1928ರಲ್ಲಿ. ಕುಡಿಸಿದವರು ಮುಚ್ಚಿಡಲೂ ಇಲ್ಲ. ಹಿಕ್ಸ್ ಮೋಸಗಾರನೆಂದು ಅಂದು ಯಾರೂ ಹೇಳಲಿಲ್ಲ, ಇಂದೂ ಹೇಳಲಾಗುವುದಿಲ್ಲ.

ಇನ್ನು 1908ರ ಜುಲೈ 24, ಲಂಡನ್. ಇಟಲಿಯ ಡೊರಾಂಡೊ ಪಿಯೆಟ್ರಿ ಮೊದಲಿಗನಾಗಿ ಕ್ರೀಡಾಂಗಣಕ್ಕೆ ಬಂದವನು ದಿಕ್ಕು ತಪ್ಪಿ ಎದುರು ಕಡೆಗೆ ಓಡತೊಡಗಿದ. ತಿರುಗಿಸಿದರು. ಬಿದ್ದ, ಎದ್ದ, ಮತ್ತೆ ಬಿದ್ದ. ಸಾವಿರಾರು ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದಾರೆ. ಕಡೆಯ ಮುನ್ನೂರೈವತ್ತು ಮೀಟರು ಕ್ರಮಿಸಲು ಸುಮಾರು ಹತ್ತು ನಿಮಿಷ ಹಿಡಿಯಿತು. ಅಧಿಕಾರಿಗಳು ತಡೆಯಲಾರದೆ ಅವನ ತೋಳು ಹಿಡಿದು ಗೆರೆ ದಾಟಿಸಿಬಿಟ್ಟರು. ಎರಡನೆಯವನಾಗಿ ಬಂದ ಜಾನಿ ಹೇಯ್ಸನ ಪರವಾಗಿ ಅಮೆರಿಕದವರು ತಕರಾರು ಹೂಡಿದರು. ನ್ಯಾಯವಾದ ತಕರಾರೇ. ಡೊರಾಂಡೊವನ್ನು ಅನರ್ಹನೆಂದು ಸಾರಿ, ಪದಕವನ್ನು ಹೇಯ್ಸನಿಗೆ ಕೊಟ್ಟರು. ಮಾರನೆಯ ದಿನ ರಾಣಿ ಅಲೆಕ್ಸಾಂಡ್ರ ಚಿನ್ನದ ನೀರು ಕುಡಿಸಿದ ಒಂದು ಬೆಳ್ಳಿಯ ಬಟ್ಟಲನ್ನು ಡೊರಾಂಡೊನ ಕೈಗಿತ್ತಳು.

ಲಾರ್ಜ್ ಕಾರಿನ ನೆರವು ಪಡೆದ, ಡೊರಾಂಡೊ ತೋಳಿನ ನೆರವು ಪಡೆದ. ಇಬ್ಬರೂ ಅನರ್ಹರು. ಒಬ್ಬನಿಗೆ ಛೀಮಾರಿ, ಮತ್ತೊಬ್ಬನಿಗೆ ಬಟ್ಟಲು. ನಿಯಮಪುಸ್ತಕ ಇವರಿಬ್ಬರ ನಡುವಿನ ಅಂತರವನ್ನು ಅಳೆಯಲಾರದು. ನೋಡಿದ ಜನ ಮಾತ್ರ ಒಂದು ಗಳಿಗೆಯೂ ತಡಮಾಡಲಿಲ್ಲ.

ಇಲ್ಲಿಯವರೆಗೆ ದಾರಿ ನೇರವಾಗಿದೆ. ತೊಡಕು ಬರುವುದು, ಯಾವ ನಿಯಮವನ್ನೂ ಮುರಿಯದವನನ್ನು ಜನ ಮೋಸಗಾರನೆಂದು ಕೂಗಿದಾಗ. ಕ್ರಿಕೆಟ್ ಪ್ರಿಯರಾದ ನಮ್ಮ ವಾಚಕರು ಇಷ್ಟು ಹೊತ್ತಿಗೆ ವಿನೂ ಮಂಕಡರ ಹೆಸರನ್ನು ನೆನೆಸಿಕೊಂಡಿರಬೇಕು.

1947ರ ಕೊನೆಯಲ್ಲಿ ಲಾಲಾ ಅಮರನಾಥರ ನಾಯಕತ್ವದಲ್ಲಿ ಸ್ವತಂತ್ರ ಭಾರತದ ತಂಡ ಮೊದಲ ಬಾರಿಗೆ ಆಸ್ಟ್ರೇಲಿಯಕ್ಕೆ ಹೋಗಿತ್ತು. ಬಿಲ್ ಬ್ರೌನ್ ಎಂಬ ಬ್ಯಾಟುಗಾರನಿಗೆ ಒಂದು ಅಭ್ಯಾಸ. ಬೌಲರು ಚೆಂಡೆಸೆಯುವ ಮುನ್ನವೇ ಈ ತುದಿಯ ಗೆರೆ ಬಿಟ್ಟು ಮುಂದಕ್ಕೆ ಸರಿಯುತ್ತಿದ್ದ. ನವೆಂಬರಿನಲ್ಲಿ ಸಿಡ್ನಿಯ ಒಂದು ಪಂದ್ಯದಲ್ಲಿ ಮಂಕಡರು ಮೊದಲು ಎಚ್ಚರಿಕೆ ಕೊಟ್ಟರು. ಕೇಳದಿದ್ದಾಗ ಬೇಲ್ಸ್ ಹಾರಿಸಿ ಔಟು ಮಾಡಿದರು. ಡಿಸೆಂಬರ್ 13ರಂದು ಅದೇ ಸಿಡ್ನಿಯ ಎರಡನೆಯ ಟೆಸ್ಟಿನಲ್ಲಿ ಬ್ರೌನ್ 18 ಓಟ ಗಳಿಸಿದ್ದಾಗ ಮತ್ತೆ ಅದೇ ಅಭ್ಯಾಸ, ಮತ್ತೆ ಅದೇ ಫಲ. ಪತ್ರಿಕೆಗಳು ಗದ್ದಲವೆಬ್ಬಿಸಿದವು. ಎದುರು ತಂಡದ ನಾಯಕ ಬ್ರಾಡ್‌ಮನ್ ಮಾತ್ರ ಮಂಕಡರು ಮಾಡಿದ್ದರಲ್ಲಿ ತಪ್ಪಿಲ್ಲವೆಂದು ತನ್ನ ಆತ್ಮಕಥೆಯಲ್ಲಿ ಬರೆದ. ಆದರೂ ಆ ಬಗೆಯ ಔಟಿಗೆ 'ಮಂಕಡ್' ಎಂಬ ಹೆಸರೇ ಅಂಟಿಕೊಂಡು, ಒಬ್ಬ ದೊಡ್ಡ ಆಟಗಾರನ ಮನೆತನದ ಹೆಸರು ಬೈಗುಳವಾಯಿತು. ಗೆರೆ ಬಿಟ್ಟು ಕಳ್ಳಹೆಜ್ಜೆ ಹಾಕಿದವನ ಹೆಸರು ಯಾರ ಬಾಯಲ್ಲೂ ಬೈಗುಳವಾಗಲಿಲ್ಲ!

ಇದರ ಪಕ್ಕದಲ್ಲಿ ಇನ್ನೊಂದು ಹಳೆಯ ಘಟನೆಯನ್ನು ಇಡುತ್ತೇನೆ. 1882ರ ಆಗಸ್ಟಿನಲ್ಲಿ ಲಂಡನ್ನಿನ ಓವಲ್ ಮೈದಾನ. ಆಸ್ಟ್ರೇಲಿಯದ ತರುಣ ಸ್ಯಾಮಿ ಜೋನ್ಸ್ ಒಂದು ಓಟ ಮುಗಿಸಿ, ಆಟ ನಿಂತಿದೆಯೆಂದು ತಿಳಿದು, ಪಿಚ್ಚನ್ನು ತಟ್ಟಿ ಸರಿಮಾಡಲು ಗೆರೆಯಿಂದಾಚೆ ಬಂದ. ಚೆಂಡು ಹಿಡಿದಿದ್ದ ಡಬ್ಲ್ಯು. ಜಿ. ಗ್ರೇಸ್ ವಿಕೆಟ್ಟು ಬೀಳಿಸಿ ಔಟು ಕೇಳಿದ. ಅಂಪೈರು ಕೊಟ್ಟ. ನಿಯಮಕ್ಕೆ ಸರಿಯೇ. ಆಸ್ಟ್ರೇಲಿಯದ ಬೌಲರು ಸ್ಪೊಫೋರ್ತ್ ಸಿಟ್ಟಿನಿಂದ ಕುದಿದುಹೋದ. ಇಂಗ್ಲೆಂಡಿಗೆ ಗೆಲ್ಲಲು ಬೇಕಾಗಿದ್ದದ್ದು 85 ಓಟ. ಆತ ಏಳು ವಿಕೆಟ್ಟು ಕಿತ್ತ. ಇಂಗ್ಲೆಂಡ್ ಏಳು ಓಟದಿಂದ ಸೋತಿತು. ಇಂಗ್ಲಿಷ್ ಕ್ರಿಕೆಟ್ ಸತ್ತಿತೆಂದು ಒಂದು ಪತ್ರಿಕೆ ಅಣಕದ ಮರಣವಾರ್ತೆ ಪ್ರಕಟಿಸಿ, 'ಆಶಸ್' ಎಂಬ ಹೆಸರು ಹುಟ್ಟಿದ್ದು ಈ ಸೋಲಿನಿಂದ.

ಗ್ರೇಸನದೂ ಮಂಕಡರದೂ ಒಂದೇ ಬಗೆಯೆಂದು ಕೆಲವರು ವಾದಿಸುವುದುಂಟು. ನಾನು ಒಪ್ಪುವುದಿಲ್ಲ. ಜೋನ್ಸ್ ಗೆರೆ ಬಿಟ್ಟದ್ದು ಒಂದಂಗುಲ ಲಾಭಕ್ಕಾಗಿಯೂ ಅಲ್ಲ. ಎದುರಿನವರ ಸಜ್ಜನಿಕೆಯನ್ನು ನಂಬಿ. ಬ್ರೌನ್ ಬಿಟ್ಟದ್ದು ಎರಡು ಗಜ ಮುಂಚಿತವಾಗಿ ಓಡಿಕೊಳ್ಳುವುದಕ್ಕೆ. ಗ್ರೇಸ್ ನಂಬಿದವನನ್ನು ಹಿಡಿದ, ಮಂಕಡರು ನಂಬಿಕೆಯನ್ನು ಬಳಸಿಕೊಳ್ಳುತ್ತಿದ್ದವನನ್ನು ಹಿಡಿದರು, ಅದೂ ಒಮ್ಮೆ ಎಚ್ಚರಿಸಿ. ಕ್ರಿಕೆಟ್ಟಿನ ಕಟ್ಟಳೆಗಳನ್ನು ಬರೆಯುವ ಎಂ.ಸಿ.ಸಿ. ಸಂಸ್ಥೆ 2022ರ ಅಕ್ಟೋಬರ್ 1ರಿಂದ ಈ ಔಟನ್ನು 'ಅನ್ಯಾಯದ ಆಟ'ದ ಅಧ್ಯಾಯದಿಂದ ತೆಗೆದು ಸಾಧಾರಣ ರನೌಟಿನ ಅಧ್ಯಾಯಕ್ಕೆ ಸೇರಿಸಿತು. ಮಂಕಡರು 1978ರಲ್ಲಿಯೇ ತೀರಿಕೊಂಡಿದ್ದರು.

ಎಚ್ಚರಿಸಿ ಬಿಟ್ಟುಬಿಟ್ಟವರೂ ಇದ್ದಾರೆ. 1987ರ ವಿಶ್ವಕಪ್ಪಿನಲ್ಲಿ ಲಾಹೋರಿನಲ್ಲಿ ವೆಸ್ಟ್ ಇಂಡೀಸಿನ ಕೋರ್ಟ್ನಿ ವಾಲ್ಷ್ ಕಡೆಯ ಚೆಂಡೆಸೆಯುವಾಗ ಪಾಕಿಸ್ತಾನದ ಕಡೆಯ ಬ್ಯಾಟುಗಾರ ಗೆರೆಯಿಂದಾಚೆ ಇದ್ದ. ವಾಲ್ಷ್ ಔಟು ಮಾಡದೆ ನಿಂತ. ಪಾಕಿಸ್ತಾನ ಗೆದ್ದಿತು, ವೆಸ್ಟ್ ಇಂಡೀಸ್ ಆ ಸಲ ಸೆಮಿಫೈನಲ್ ಮುಟ್ಟಲಿಲ್ಲ. ಇದು ಔದಾರ್ಯ. ಔದಾರ್ಯವನ್ನು ಮೆಚ್ಚಬೇಕು. ಅದನ್ನು ಸಾಲದಂತೆ ವಸೂಲು ಮಾಡಲು ಹೊರಟು, ಕೊಡದಿದ್ದವನನ್ನು ಕಳ್ಳನೆಂದರೆ ಅದು ಎಲ್ಲಿಯ ನ್ಯಾಯ?

ಔದಾರ್ಯದ ಮಾತು ಬಂದಾಗ ಭದ್ರಾವತಿಯಲ್ಲಿ ಹುಟ್ಟಿದ ನಮ್ಮ ಜಿ. ಆರ್. ವಿಶ್ವನಾಥರನ್ನು ಬಿಟ್ಟು ಮುಂದೆ ಹೋಗುವುದು ಸಾಧ್ಯವಿಲ್ಲ. 1980ರ ಫೆಬ್ರುವರಿ, ಮುಂಬಯಿಯ ವಾಂಖೆಡೆ ಮೈದಾನ, ಭಾರತದ ಕ್ರಿಕೆಟ್ ಮಂಡಳಿಯ ಸುವರ್ಣೋತ್ಸವದ ಟೆಸ್ಟು. ಆ ಪಂದ್ಯಕ್ಕೆ ವಿಶ್ವನಾಥರು ನಾಯಕರು. ಭಾರತದ 242ಕ್ಕೆ ಎದುರಾಗಿ ಇಂಗ್ಲೆಂಡ್ 58ಕ್ಕೆ ಐದು ವಿಕೆಟ್ಟು ಕಳೆದುಕೊಂಡಿತ್ತು. ಕಪಿಲ್ ದೇವರ ಚೆಂಡಿಗೆ ವಿಕೆಟ್ ಕೀಪರ್ ಹಿಡಿದ ಕ್ಯಾಚಿಗೆ ಬಾಬ್ ಟೇಲರನನ್ನು ಅಂಪೈರು ಔಟೆಂದರು. ಚೆಂಡು ಬ್ಯಾಟಿಗೆ ತಗುಲಿಲ್ಲವೆಂದು ಸ್ಲಿಪ್ಪಿನಲ್ಲಿದ್ದ ವಿಶ್ವನಾಥರಿಗೆ ಮನಸ್ಸಿಗೆ ಬಂತು. ಸುಮ್ಮನಿದ್ದಿದ್ದರೆ ಯಾವ ಕಟ್ಟಳೆಯೂ ಮುರಿಯುತ್ತಿರಲಿಲ್ಲ, ಯಾರೂ ಒಂದು ಮಾತು ಆಡುತ್ತಿರಲಿಲ್ಲ. ಅವರು ಮನವಿಯನ್ನು ಹಿಂತೆಗೆದುಕೊಂಡು ಟೇಲರನನ್ನು ವಾಪಸು ಕರೆದರು. ಟೇಲರ್ 43 ಹೊಡೆದ. ಬಾಥಮ್ ಜೊತೆಗೆ 171 ಓಟ ಕೂಡಿಸಿದ. ಬಾಥಮ್ ಶತಕದ ಮೇಲೆ 13 ವಿಕೆಟ್ಟೂ ಕಿತ್ತ. ಭಾರತ ಹತ್ತು ವಿಕೆಟ್ಟಿನಿಂದ ಸೋತಿತು. ವಿಶ್ವನಾಥರು ಟೆಸ್ಟಿನಲ್ಲಿ ನಾಯಕರಾದದ್ದು ಒಟ್ಟು ಎರಡೇ ಬಾರಿ. ಅದರಲ್ಲಿ ಒಂದನ್ನು ಹೀಗೆ ಕೊಟ್ಟುಬಿಟ್ಟರು.

ಮರುವರ್ಷವೇ ಇದರ ತಲೆಕೆಳಗಾದ ಚಿತ್ರ. 1981ರ ಫೆಬ್ರುವರಿ 1, ಮೆಲ್ಬರ್ನ್. ಕಡೆಯ ಚೆಂಡಿಗೆ ಆರು ಓಟ ಬಂದರೆ ನ್ಯೂಜಿಲೆಂಡಿಗೆ ಪಂದ್ಯ ಸರಿಸಮ. ಆಸ್ಟ್ರೇಲಿಯದ ನಾಯಕ ಗ್ರೆಗ್ ಚಾಪೆಲ್ ತನ್ನ ತಮ್ಮ ಟ್ರೆವರನಿಗೆ ಚೆಂಡನ್ನು ಕೆಳಗೈಯಿಂದ ನೆಲದ ಮೇಲೆ ಉರುಳಿಸೆಂದ. ಆ ಪಂದ್ಯದ ನಿಯಮದಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ. ಅಂಪೈರಿಗೆ ಮುಂಚಿತವಾಗಿ ತಿಳಿಸಿಯೇ ಮಾಡಿದರು. ಎರಡು ದೇಶದ ಪ್ರಧಾನಿಗಳೂ ಖಂಡಿಸಿದರು. ನಿಯಮ ಬದಲಾಯಿತು. ಇದು ಮೋಸವೇ? ನನ್ನ ಅಳತೆಗೆ ಹಿಡಿದರೆ ಅಲ್ಲ. ಇದರಲ್ಲಿ ಗುಟ್ಟೇ ಇರಲಿಲ್ಲ. ಇದನ್ನು ಜಿಪುಣತನವೆನ್ನಬಹುದು. ಊಟಕ್ಕೆ ಕರೆದು, ಬಡಿಸುವ ಹೊತ್ತಿಗೆ ಪಾತ್ರೆಗೆ ಮುಚ್ಚಳ ಹಾಕಿದವನನ್ನು ಕಳ್ಳನೆನ್ನಲಾಗುವುದಿಲ್ಲ. ಅವನ ಮನೆಗೆ ಮತ್ತೆ ಹೋಗುವುದಿಲ್ಲ, ಅಷ್ಟೆ.

ಕಾಲ್ಚೆಂಡಿನಲ್ಲಿ ಎರಡು ಕೈಗಳ ಕಥೆಯುಂಟು. 1986ರ ಜೂನ್ 22ರಂದು ಮೆಕ್ಸಿಕೊ ನಗರದಲ್ಲಿ ಅರ್ಜೆಂಟೀನದ ಮರಡೋನ ಇಂಗ್ಲೆಂಡಿನ ವಿರುದ್ಧ ಚೆಂಡನ್ನು ಕೈಯಿಂದ ತಳ್ಳಿ ಗೋಲು ಹಾಕಿದ. ತೀರ್ಪುಗಾರನಿಗೆ ಕಾಣಲಿಲ್ಲ. ಮರಡೋನ ಮುಂದೆ ತಾನೇ ಹೇಳಿಕೊಂಡಂತೆ, ಜೊತೆಗಾರರು ಹತ್ತಿರ ಬರಲು ಹಿಂಜರಿದಾಗ, ಬಂದು ತಬ್ಬಿಕೊಳ್ಳಿ, ಇಲ್ಲದಿದ್ದರೆ ಗೋಲು ಕೊಡುವುದಿಲ್ಲವೆಂದು ಅವಸರಪಡಿಸಿದನಂತೆ. ಗೋಲಿಗಿಂತ ಆ ಆಲಿಂಗನವೇ ದೊಡ್ಡ ಮೋಸವೆಂದು ನನಗೆ ತೋರುತ್ತದೆ. ಎರಡನೆಯದು 2010ರ ಜುಲೈ 2, ಜೋಹಾನ್ಸ್‌ಬರ್ಗ್. ಹೆಚ್ಚುವರಿ ವೇಳೆಯ ಕಡೆಯ ಗಳಿಗೆಯಲ್ಲಿ ಘಾನಾದ ಚೆಂಡು ಗೋಲಿನೊಳಕ್ಕೆ ಹೋಗುತ್ತಿದ್ದಾಗ ಉರುಗ್ವೆಯ ಸುವಾರೆಸ್ ಗೆರೆಯ ಮೇಲೆ ನಿಂತು ಎರಡೂ ಕೈಯಿಂದ ತಡೆದ. ತೀರ್ಪುಗಾರ ಕೆಂಪು ಚೀಟಿ ತೋರಿಸಿದ, ಘಾನಾಕ್ಕೆ ಪೆನಾಲ್ಟಿ ಕೊಟ್ಟ. ಅಸಮೋವ ಗ್ಯಾನ್ ಒದ್ದದ್ದು ಮೇಲಿನ ಅಡ್ಡಪಟ್ಟಿಗೆ ಬಡಿಯಿತು. ಆಮೇಲಿನ ಪೆನಾಲ್ಟಿ ಸರಣಿಯಲ್ಲಿ ಉರುಗ್ವೆ 4-2ರಿಂದ ಗೆದ್ದಿತು. ಗೆದ್ದಿದ್ದರೆ ಸೆಮಿಫೈನಲ್ ಮುಟ್ಟಿದ ಮೊದಲ ಆಫ್ರಿಕದ ತಂಡ ಘಾನಾ ಆಗುತ್ತಿತ್ತು.

ಸುವಾರೆಸ್ ಏನನ್ನೂ ಮುಚ್ಚಿಡಲಿಲ್ಲ, ಬೆಲೆ ತೆತ್ತ. ನನ್ನ ಸೂತ್ರದಂತೆ ಅವನದು ತಪ್ಪಾಟ, ಕಳ್ಳಾಟವಲ್ಲ. ಹಾಗೆಂದು ಘಾನಾದವರಿಗೆ ಸಮಾಧಾನ ಹೇಳಲು ನನಗೆ ಬಾಯಿ ಬರುವುದಿಲ್ಲ. ಇಲ್ಲಿ ಕೊರತೆಯಿದ್ದದ್ದು ಬೆಲೆಯಲ್ಲಿ. ರಗ್ಬಿಯಲ್ಲಿ ಖಂಡಿತ ಬರುತ್ತಿದ್ದ ಅಂಕವನ್ನು ಅಕ್ರಮವಾಗಿ ತಡೆದರೆ ಆ ಅಂಕವನ್ನೇ ಕೊಟ್ಟುಬಿಡುತ್ತಾರೆ. ಕಾಲ್ಚೆಂಡಿನಲ್ಲಿ ಆ ಕಟ್ಟಳೆಯಿಲ್ಲ. ದಂಡ ಲಾಭಕ್ಕಿಂತ ಅಗ್ಗವಾದರೆ ಅದು ದಂಡವಾಗಿ ಉಳಿಯುವುದಿಲ್ಲ, ಸಂತೆಯ ಸುಂಕವಾಗುತ್ತದೆ. 'ಕಟ್ಟಿದರಾಯಿತು' ಎನ್ನುವವರು ಹುಟ್ಟಿಕೊಳ್ಳುತ್ತಾರೆ.

ಮೋಸಕ್ಕೆ ಬೇರೆಯೇ ತಕ್ಕಡಿ ಬೇಕೆಂಬುದಕ್ಕೆ 2018ರ ಮಾರ್ಚಿನ ಕೇಪ್‌ಟೌನ್ ಪ್ರಸಂಗ ಸಾಕ್ಷಿ. ಆಸ್ಟ್ರೇಲಿಯದ ಬ್ಯಾಂಕ್ರಾಫ್ಟ್ ಚೆಂಡನ್ನು ಉಜ್ಜಲು ಮರಳುಕಾಗದ ತಂದು, ಕ್ಯಾಮೆರಾ ಕಂಡೊಡನೆ ಅದನ್ನು ಷರಾಯಿಯೊಳಗೆ ತುರುಕಿಕೊಂಡ. ಚೆಂಡಿನ ರೂಪ ಕೆಡಿಸುವುದಕ್ಕೆ ಅಂತರರಾಷ್ಟ್ರೀಯ ಮಂಡಳಿ ವಿಧಿಸಿದ್ದು ನಾಯಕ ಸ್ಮಿತ್‌ಗೆ ಒಂದು ಟೆಸ್ಟಿನ ನಿಷೇಧ ಮತ್ತು ಪಂದ್ಯದ ಸಂಭಾವನೆ, ಬ್ಯಾಂಕ್ರಾಫ್ಟನಿಗೆ ಸಂಭಾವನೆಯಲ್ಲಿ ಮುಕ್ಕಾಲು ಪಾಲು. ಅದು ನಿಯಮಭಂಗದ ಬೆಲೆ. ಅವರ ದೇಶದ ಮಂಡಳಿ ಮಾತ್ರ ಸ್ಮಿತ್, ವಾರ್ನರ್ ಇಬ್ಬರನ್ನೂ ಒಂದು ವರ್ಷ, ಬ್ಯಾಂಕ್ರಾಫ್ಟನನ್ನು ಒಂಬತ್ತು ತಿಂಗಳು ಹೊರಗಿಟ್ಟಿತು. ಅದು ಕಳ್ಳಾಟದ ಬೆಲೆ. ಕೌಟಿಲ್ಯನ 12 ಪಣವೂ ಪೂರ್ವಸಾಹಸದಂಡವೂ ಬೇರೆ ಬೇರೆ ನಿಂತಂತೆಯೇ.

ಆಟದ ಮಾತು ಇಷ್ಟಾಯಿತು. ದಿನಸಿ ಅಂಗಡಿಗೆ ಬನ್ನಿ. ತೂಕದ ಕಲ್ಲುಗಳನ್ನು ನಾಲ್ಕು ತಿಂಗಳಿಗೊಮ್ಮೆ ಪರೀಕ್ಷಿಸಿ ಮುದ್ರೆ ಒತ್ತಬೇಕೆಂದೂ, ಮುದ್ರೆಯಿಲ್ಲದ ಕಲ್ಲಿಗೆ ಇಪ್ಪತ್ತೇಳೂಕಾಲು ಪಣ ದಂಡವೆಂದೂ ಅರ್ಥಶಾಸ್ತ್ರದಲ್ಲಿದೆ. ನಮ್ಮಲ್ಲಿ ಸೇರು ತೊಲಗಳು ಹೋಗಿ 1958ರ ಅಕ್ಟೋಬರಿನಿಂದ ಕಿಲೋಗ್ರಾಮು ಬರತೊಡಗಿದಾಗಲೂ ಮುದ್ರೆಯ ಪದ್ಧತಿ ಮುಂದುವರಿಯಿತು, ಈಗಲೂ ಕಾನೂನಿದೆ. ಇಬ್ಬರು ವ್ಯಾಪಾರಿಗಳನ್ನು ಊಹಿಸಿಕೊಳ್ಳಿ. ಒಬ್ಬನ ಕಲ್ಲಿಗೆ ಈ ವರ್ಷದ ಮುದ್ರೆಯಿಲ್ಲ, ತೂಕ ಮಾತ್ರ ಸರಿಯಾಗಿದೆ. ಇನ್ನೊಬ್ಬನ ಕಲ್ಲಿಗೆ ಮುದ್ರೆ ಚೊಕ್ಕಟವಾಗಿದೆ, ತಳ ಕೊರೆದು ಸೀಸ ತೆಗೆದಿದೆ. ಇನ್ಸ್‌ಪೆಕ್ಟರು ಬಂದರೆ ಮೊದಲು ಸಿಕ್ಕಿಬೀಳುವವನು ಮೊದಲನೆಯವನೇ. ನೀವು ಬೇಳೆ ಕೊಳ್ಳಲು ಯಾರ ಅಂಗಡಿಗೆ ಹೋಗುವಿರಿ?

ಹಿಂದೆ ರೇಡಿಯೊ ಇಟ್ಟುಕೊಂಡವರು ವರ್ಷವರ್ಷವೂ ಅಂಚೆ ಕಚೇರಿಯಲ್ಲಿ ಲೈಸೆನ್ಸಿನ ಹಣ ಕಟ್ಟಬೇಕಾಗಿದ್ದ ಕಾಲವನ್ನು ಹಿರಿಯ ವಾಚಕರು ಮರೆತಿರಲಾರರು. ವಾಯಿದೆ ಮೀರಿ, ದಂಡ ಸೇರಿಸಿ ಕಟ್ಟಿ, ಗುಮಾಸ್ತೆಯಿಂದ ಎರಡು ಮಾತು ಕೇಳಿಕೊಂಡು ಬಂದವರಿದ್ದರು. ತನಿಖೆಯವರು ಬೀದಿಗೆ ಬಂದರೆಂದು ತಿಳಿದೊಡನೆ ಪೆಟ್ಟಿಗೆಯ ಮೇಲೆ ಸೀರೆ ಹೊದಿಸಿ, ಅದರ ಮೇಲೆ ದೇವರ ಪಟವಿಟ್ಟವರೂ ಇದ್ದರು. ಇಬ್ಬರೂ ಸಂಜೆ ಒಂದೇ ಸಂಗೀತ ಕೇಳಿದರು. ಹಣ ಕಟ್ಟಿದ ನೆರೆಯವನ ಖರ್ಚಿನಲ್ಲಿ ಕೇಳಿದವನು ಮಾತ್ರ ಒಬ್ಬನೇ.

ಕಾನೂನು ಮುರಿಯುವುದೆಲ್ಲ ಮೋಸವಾಗಿದ್ದರೆ ನಮ್ಮ ದೇಶದ ಚರಿತ್ರೆಯನ್ನು ಬೇರೆ ಬಗೆಯಲ್ಲಿ ಬರೆಯಬೇಕಾಗುತ್ತಿತ್ತು. 1930ರ ಮಾರ್ಚ್ 2ರಂದು ಗಾಂಧೀಜಿ ವೈಸರಾಯ್ ಇರ್ವಿನ್ನರಿಗೆ ಕಾಗದ ಬರೆದು, ತಾವು ಉಪ್ಪಿನ ಕಾಯಿದೆ ಮುರಿಯಲಿರುವುದನ್ನು ಮುಂಚಿತವಾಗಿಯೇ ತಿಳಿಸಿದರು. ಏಪ್ರಿಲ್ 6ರಂದು ದಂಡಿಯ ಕಡಲ ತಡಿಯಲ್ಲಿ ಲೋಕವೆಲ್ಲ ನೋಡುತ್ತಿರುವಂತೆ ಮುರಿದರು. ವಾರ ಕಳೆದು, ಏಪ್ರಿಲ್ 13ರಂದು ನಮ್ಮ ಅಂಕೋಲೆಯಲ್ಲಿಯೂ ಜನ ಬಹಿರಂಗವಾಗಿಯೇ ಉಪ್ಪು ಮಾಡಿದರು. ಕತ್ತಲಲ್ಲಿ ಉಪ್ಪು ಸಾಗಿಸಿ ಸುಂಕ ತಪ್ಪಿಸುವವರು ಅದಕ್ಕೂ ಹಿಂದೆ ಬೇಕಾದಷ್ಟು ಮಂದಿ ಇದ್ದರು. ಅವರಿಂದ ಸಾಮ್ರಾಜ್ಯಕ್ಕೆ ನಡುಕ ಹುಟ್ಟಿರಲಿಲ್ಲ. ಎಂಟು ವರ್ಷ ಮುಂಚೆ, 1922ರ ಮಾರ್ಚ್ 18ರಂದು, ಅಹಮದಾಬಾದಿನ ನ್ಯಾಯಾಲಯದಲ್ಲಿ ಇದೇ ಗಾಂಧೀಜಿ ಅಪರಾಧ ಒಪ್ಪಿಕೊಂಡು, ಕಾನೂನಿನಲ್ಲಿರುವ ಅತ್ಯಂತ ಕಠಿಣ ಶಿಕ್ಷೆ ಕೊಡಿರೆಂದು ಕೇಳಿದ್ದರು. ನ್ಯಾಯಾಧೀಶ ಬ್ರೂಮ್‌ಫೀಲ್ಡರು ಆರು ವರ್ಷದ ಸೆರೆ ವಿಧಿಸಿ, ಸರ್ಕಾರ ಇದನ್ನು ಕಡಿಮೆ ಮಾಡಿದರೆ ತಮಗಿಂತ ಸಂತೋಷಪಡುವವರು ಯಾರೂ ಇಲ್ಲವೆಂದರು. ಇಂದು ಬಸ್ಸಿಗೆ ಕಲ್ಲು ತೂರಿ ಗುಂಪಿನಲ್ಲಿ ಮಾಯವಾಗುವವರು ಸತ್ಯಾಗ್ರಹದ ಹೆಸರೆತ್ತುವಾಗ ಆ ನ್ಯಾಯಾಲಯದ ದೃಶ್ಯವನ್ನು ಒಮ್ಮೆ ಓದಿಕೊಳ್ಳಬೇಕು.

ಅರವತ್ತು ದಾಟಿದ ವಯಸ್ಸಿನಲ್ಲಿ ಕಾಯಿದೆ ಮುರಿದ ಈ ಮನುಷ್ಯನ ಬಾಲ್ಯದ ಒಂದು ಪ್ರಸಂಗವನ್ನು ಅವರ ಆತ್ಮಕಥೆ ಓದಿದವರೆಲ್ಲ ಬಲ್ಲರು. ರಾಜಕೋಟೆಯ ಪ್ರೌಢಶಾಲೆಯ ಮೊದಲ ವರ್ಷ. ಜೈಲ್ಸ್ ಎಂಬ ಇನ್ಸ್‌ಪೆಕ್ಟರು ತನಿಖೆಗೆ ಬಂದು ಹುಡುಗರಿಗೆ ಐದು ಇಂಗ್ಲಿಷ್ ಶಬ್ದ ಬರೆಯಹೇಳಿದರು. 'ಕೆಟಲ್' ಎಂಬುದರ ಕಾಗುಣಿತ ಮೋಹನದಾಸನಿಗೆ ತಪ್ಪಿತು. ಮೇಷ್ಟರು ಬೂಟಿನ ತುದಿಯಿಂದ ತಿವಿದು, ಪಕ್ಕದವನ ಸ್ಲೇಟು ನೋಡೆಂದು ಸನ್ನೆ ಮಾಡಿದರು. ಹುಡುಗನಿಗೆ ಅರ್ಥವೇ ಆಗಲಿಲ್ಲ. ಮೇಷ್ಟರು ನಿಂತಿರುವುದು ನಕಲು ತಡೆಯುವುದಕ್ಕೆಂದು ಅವನು ತಿಳಿದಿದ್ದ. ಮೇಷ್ಟರು ಆಮೇಲೆ ಅವನ ದಡ್ಡತನವನ್ನು ಅವನಿಗೆ ಮನಗಾಣಿಸಲು ನೋಡಿದರಂತೆ, ಆಗಲಿಲ್ಲವಂತೆ. ಇನ್ಸ್‌ಪೆಕ್ಟರು ಆ ದಿನ ನೋಡಿದ ತರಗತಿಯಲ್ಲಿ ಐದು ಶಬ್ದವನ್ನೂ ಎಲ್ಲ ಹುಡುಗರೂ ಸರಿಯಾಗಿ ಬರೆದಿದ್ದರು, ಒಬ್ಬನನ್ನು ಬಿಟ್ಟು.